ಪಿಎಚ್.ಡಿ.ಗೆ ರ್‍ಯಾಂಕ್ ಇಲ್ಲ, ಹಾಗಿದ್ದರೆ ಪದಕ ಯಾರಿಗೆ?

ಪ್ರಶ್ನೆ: ನನ್ನ ಮಗಳು ಕನ್ನಡ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಎಂ.ಎ.ಯಲ್ಲಿ ಮೊದಲ ರ್‍ಯಾಂಕ್ ಬಂದವರಿಗೆ ಘಟಿಕೋತ್ಸವದಲ್ಲಿ ಚಿನ್ನದ ಪದಕ ಕೊಡುತ್ತಾರೆ. ಅದಕ್ಕೆ ಅಂಕಪಟ್ಟಿ ಇದೆ, ಲೆಕ್ಕ ಸರಳ. ಪಿಎಚ್.ಡಿ.ಗೆ ಅಂಕವೂ ಇಲ್ಲ, ರ್‍ಯಾಂಕೂ ಇಲ್ಲ. ಹಾಗಿರುವಾಗ ‘ಅತ್ಯುತ್ತಮ ಸಂಶೋಧನೆ’ ಎಂದು ಒಬ್ಬ ವಿದ್ಯಾರ್ಥಿಯನ್ನು ಆರಿಸುವಾಗ ಯಾರು, ಏನನ್ನು ನೋಡಿ ತೀರ್ಮಾನಿಸುತ್ತಾರೆ? ಗೈಡ್ ಹೇಳಿಕೊಟ್ಟದ್ದೆಷ್ಟು, ವಿದ್ಯಾರ್ಥಿ ಮಾಡಿದ್ದೆಷ್ಟು ಎಂದು ಹೇಗೆ ತಿಳಿಯುತ್ತದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕೆಂದರೆ, ಓದಿ ತೀರ್ಮಾನಿಸುತ್ತಾರೆ. ವಿಷಯ ಬಲ್ಲವರು ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಇದರಲ್ಲಿ ಹೊಸದೇನಿದೆ ಎಂದು ಹೇಳುವುದಲ್ಲದೆ ಬೇರೆ ಅಳತೆಗೋಲು ಇದಕ್ಕೆ ಇಲ್ಲ. ಎಲ್ಲಿ ಈ ಓದು ನಡೆಯುತ್ತದೋ ಅಲ್ಲಿ ಪ್ರಶಸ್ತಿಗೆ ಬೆಲೆ ಇದೆ. ಎಲ್ಲಿ ಓದು ತಪ್ಪುತ್ತದೋ ಅಲ್ಲಿ ಒಳ್ಳೆಯ ಸಂಶೋಧನೆ ಮೂಲೆ ಸೇರುತ್ತದೆ. ಎರಡಕ್ಕೂ ಉದಾಹರಣೆಗಳಿವೆ. ಒಂದೊಂದಾಗಿ ಹೇಳುತ್ತೇನೆ.

ಮೊದಲು ನಮ್ಮಲ್ಲಿ ನಡೆಯುವ ಕ್ರಮ. ವಿದ್ಯಾರ್ಥಿ ಮಹಾಪ್ರಬಂಧ ಸಲ್ಲಿಸಿದ ಮೇಲೆ ವಿಶ್ವವಿದ್ಯಾಲಯ ಅದನ್ನು ಹೊರಗಿನ ಪರೀಕ್ಷಕರಿಗೆ ಕಳಿಸುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಹೊರಗಿನ ಪರೀಕ್ಷಕರು ಕನಿಷ್ಠ ಇಬ್ಬರಿರಬೇಕು. ಅವರು ವರದಿ ಬರೆಯುತ್ತಾರೆ. ವರದಿಗಳು ಒಪ್ಪಿಗೆಯಾದರೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಅಲ್ಲಿ ಪರೀಕ್ಷಕರು, ವಿಭಾಗದ ಅಧ್ಯಾಪಕರು ಕೇಳಿದ್ದಕ್ಕೆಲ್ಲ ವಿದ್ಯಾರ್ಥಿ ಉತ್ತರಿಸಬೇಕು. ಇದನ್ನು ದಾಟಿದರೆ ಪದವಿ. ಇಲ್ಲಿ ತೇರ್ಗಡೆ ಉಂಟು, ಶ್ರೇಣಿ ಇಲ್ಲ. ಪ್ರಶಸ್ತಿಯ ಮಾತು ಬರುವುದು ಇದಾದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಉತ್ತಮ ಪ್ರಬಂಧಗಳಿಗೆ ಪದಕ ಕೊಡುವ ಪದ್ಧತಿ ಇದೆ. ನಮ್ಮ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಮಾತ್ರ ದಾನಿಗಳು ಇಟ್ಟ ದತ್ತಿ ಪದಕಗಳಲ್ಲಿ ಹೆಚ್ಚಿನವು ಸ್ನಾತಕೋತ್ತರ ಪರೀಕ್ಷೆಯ ಅಂಕಗಳಿಗೇ ಮೀಸಲು. ನಿಮ್ಮ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ.

ರಾಷ್ಟ್ರಮಟ್ಟದಲ್ಲಿ ಈ ಕೊರತೆಯನ್ನು ತುಂಬಲು ಯುಜಿಸಿ 2024ರಲ್ಲಿ ‘ಪಿಎಚ್.ಡಿ. ಎಕ್ಸಲೆನ್ಸ್ ಸೈಟೇಷನ್’ ಎಂಬ ಯೋಜನೆ ಪ್ರಕಟಿಸಿತು. ವಿಜ್ಞಾನ, ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ, ಸಮಾಜ ವಿಜ್ಞಾನ, ವಾಣಿಜ್ಯ ಮತ್ತು ನಿರ್ವಹಣೆ, ಭಾರತೀಯ ಭಾಷೆಗಳು ಎಂದು ಐದು ಕ್ಷೇತ್ರ. ಕ್ಷೇತ್ರಕ್ಕೆ ಇಬ್ಬರಂತೆ ವರ್ಷಕ್ಕೆ ಹತ್ತು ಜನ. ಮೊದಲು ವಿಶ್ವವಿದ್ಯಾಲಯದ ಸಮಿತಿ ಸೋಸಿ, ಒಂದೊಂದು ಕ್ಷೇತ್ರಕ್ಕೆ ಒಂದೊಂದು ಹೆಸರನ್ನು ಮಾತ್ರ ಕಳಿಸಬೇಕು. ಆಮೇಲೆ ಯುಜಿಸಿಯ ಸಮಿತಿ ಅಂತಿಮ ಆಯ್ಕೆ ಮಾಡುತ್ತದೆ. ವಿಚಾರದ ಸ್ವಂತಿಕೆ, ಜ್ಞಾನಕ್ಕೆ ಆದ ಕೊಡುಗೆ, ಸಂಶೋಧನಾ ವಿಧಾನ, ಬರವಣಿಗೆಯ ಸ್ಪಷ್ಟತೆ, ಪರಿಣಾಮ ಇವನ್ನು ನೋಡಬೇಕೆಂದು ಯೋಜನೆ ಹೇಳುತ್ತದೆ. ಭಾರತೀಯ ಭಾಷೆಗಳಿಗೆ ಬೇರೆಯೇ ಕ್ಷೇತ್ರ ಕೊಟ್ಟಿರುವುದು ನಿಮ್ಮ ಮಗಳಂಥವರಿಗೆ ಸಂತೋಷದ ಸಂಗತಿ. ಶಾಸನ ಓದುವವರನ್ನೂ ಸೂಕ್ಷ್ಮಾಣು ಸಾಕುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸುವ ಕಷ್ಟ ಇದರಿಂದ ಅಷ್ಟಾದರೂ ತಪ್ಪಿತು. ಹಾಗೆಂದು ಎಲ್ಲರೂ ಇದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಸರ್ಕಾರಿ ಅಂಕಿಅಂಶದ ಪ್ರಕಾರ 2010-11ರಲ್ಲಿ ದೇಶದಲ್ಲಿ ಪಿಎಚ್.ಡಿ.ಗೆ ದಾಖಲಾಗಿದ್ದವರು 77,798. 2017-18ಕ್ಕೆ ಅದು 1,61,412 ಆಯಿತು. ಇಷ್ಟು ದೊಡ್ಡ ಸಮೂಹಕ್ಕೆ ಹತ್ತು ಪ್ರಶಸ್ತಿ ಸಾಲದು. ಆದ್ದರಿಂದ ಮೊದಲ ಮನ್ನಣೆ ಆಯಾ ವಿಶ್ವವಿದ್ಯಾಲಯದಲ್ಲೇ, ಆಯಾ ವಿಭಾಗದಲ್ಲೇ ಸಿಗಬೇಕು.

ವಿಶ್ವವಿದ್ಯಾಲಯವೊಂದು ತನ್ನ ವಿದ್ಯಾರ್ಥಿಗಳನ್ನು ಹೀಗೆ ಗುರುತಿಸುವ ಹಳೆಯ ಪದ್ಧತಿಗಳಲ್ಲಿ ಕೇಂಬ್ರಿಡ್ಜ್‌ನ ಸ್ಮಿತ್ ಬಹುಮಾನ ಹೆಸರುವಾಸಿ. ಟ್ರಿನಿಟಿ ಕಾಲೇಜಿನ ಮುಖ್ಯಸ್ಥ ರಾಬರ್ಟ್ ಸ್ಮಿತ್ 1768ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಹಣದಿಂದ ಅದು ಶುರುವಾಯಿತು. ಶತಮಾನಕ್ಕೂ ಹೆಚ್ಚು ಕಾಲ ಅದು ಪರೀಕ್ಷೆಯ ಮೂಲಕ ನಡೆಯಿತು; ಗಣಿತದ ಕಠಿಣ ಪ್ರಶ್ನೆಗಳಿಗೆ ಉತ್ತರ ಬರೆದವರಿಗೆ ಬಹುಮಾನ. 1880ರ ದಶಕದಲ್ಲಿ ಪರೀಕ್ಷೆಯನ್ನು ಕೈಬಿಟ್ಟು, ವಿದ್ಯಾರ್ಥಿ ಸ್ವಂತವಾಗಿ ಸಂಶೋಧಿಸಿ ಬರೆದ ಪ್ರಬಂಧಕ್ಕೆ ಬಹುಮಾನ ಕೊಡತೊಡಗಿದರು. ಇದು ದೊಡ್ಡ ಬದಲಾವಣೆ. ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಪರೀಕ್ಷಕ ಹೊಂದಿಸಿ ನೋಡಿದರೆ ಸಾಕು. ಪ್ರಬಂಧದಲ್ಲಿ ಉತ್ತರ ಯಾರಿಗೂ ಗೊತ್ತಿರುವುದಿಲ್ಲ, ಪರೀಕ್ಷಕನೇ ಕೂತು ಕಲಿಯಬೇಕು. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ 1962ರಲ್ಲಿ ಈ ಬಹುಮಾನ ಪಡೆದರು.

ಇದೇ ಬಹುಮಾನ 1936ರಲ್ಲಿ ಅಲನ್ ಟ್ಯೂರಿಂಗ್‌ಗೆ ಬಂದ ಬಗೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಕಂಪ್ಯೂಟರ್ ವಿಜ್ಞಾನದ ಮೂಲಪುರುಷರಲ್ಲಿ ಒಬ್ಬನಾದ ಈತ 1934ರಲ್ಲಿ ಸಂಭವನೀಯತೆಯ ಗಣಿತದಲ್ಲಿ ಒಂದು ಪ್ರಮೇಯವನ್ನು ಸ್ವಂತವಾಗಿ ಸಾಧಿಸಿದ. ಅದನ್ನು ಲಿಂಡೆಬರ್ಗ್ ಎಂಬ ಫಿನ್‌ಲೆಂಡಿನ ಗಣಿತಜ್ಞ 1922ರಲ್ಲೇ ಸಾಧಿಸಿಯಾಗಿತ್ತು. ಟ್ಯೂರಿಂಗ್‌ಗೆ ಅದು ತಡವಾಗಿ ಗೊತ್ತಾಯಿತು. ಅಂಕಪಟ್ಟಿಯ ಮನಸ್ಸಿನಿಂದ ನೋಡಿದರೆ ‘ಇದು ಹಳೆಯದು’ ಎಂದು ಬದಿಗಿಡಬಹುದಿತ್ತು. ಓದಿದವರು ಹಾಗೆ ಮಾಡಲಿಲ್ಲ. ಯಾರ ನೆರವೂ ಇಲ್ಲದೆ ತನ್ನದೇ ದಾರಿಯಲ್ಲಿ ಹುಡುಗ ಇಲ್ಲಿಗೆ ಬಂದಿದ್ದಾನೆ, ಇವನಿಗೆ ಶಕ್ತಿ ಇದೆ ಎಂದು ಅವರು ಕಂಡುಕೊಂಡರು. 1935ರಲ್ಲಿ, ಇನ್ನೂ 22ರ ವಯಸ್ಸಿನಲ್ಲಿ, ಕಿಂಗ್ಸ್ ಕಾಲೇಜು ಅವನನ್ನು ಫೆಲೊ ಆಗಿ ಆರಿಸಿತು. ಮರುವರ್ಷ ಸ್ಮಿತ್ ಬಹುಮಾನವೂ ಬಂತು. ಗಣಕಯಂತ್ರದ ತಳಹದಿಯಾದ ಅವನ ಪ್ರಸಿದ್ಧ ಲೇಖನ ಬಂದದ್ದು ಆಮೇಲೆ. ಒಳ್ಳೆಯ ತೀರ್ಪುಗಾರರು ಫಲಿತಾಂಶದ ಜೊತೆಗೆ ಅಲ್ಲಿಗೆ ತಲುಪಿದ ದಾರಿಯನ್ನೂ ನೋಡುತ್ತಾರೆ.

ಪ್ಯಾರಿಸ್ಸಿನಲ್ಲಿ 1924ರಲ್ಲಿ ನಡೆದದ್ದೂ ಇಂಥದೇ. ಲೂಯಿ ದ ಬ್ರಾಯ್ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ, ಬೆಳಕಿಗಿರುವಂತೆ ಎಲೆಕ್ಟ್ರಾನಿನಂಥ ಕಣಗಳಿಗೂ ಅಲೆಯ ಗುಣ ಇದೆ ಎಂದು ವಾದಿಸಿದ. ಪ್ರಯೋಗದ ಪುರಾವೆ ಆಗ ಇರಲಿಲ್ಲ. ಪರೀಕ್ಷಕರಲ್ಲಿ ಒಬ್ಬರಾದ ಪೌಲ್ ಲಾಂಜೆವಿನ್ ತಮಗೆ ಅನುಮಾನ ಇದ್ದರೂ ತಿರಸ್ಕರಿಸಲಿಲ್ಲ. ಪ್ರಬಂಧದ ಒಂದು ಪ್ರತಿಯನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಓದಿ ಮೆಚ್ಚಿದರು. 1927ರಲ್ಲಿ ಪ್ರಯೋಗಗಳು ಅದನ್ನು ದೃಢಪಡಿಸಿದವು. 1929ರಲ್ಲಿ ದ ಬ್ರಾಯ್‌ಗೆ ನೊಬೆಲ್ ಬಂತು. ತನಗೆ ತಿಳಿಯದ್ದನ್ನು ಇನ್ನೂ ಬಲ್ಲವರ ಬಳಿಗೆ ಕಳಿಸಿದ ಆ ಪರೀಕ್ಷಕನ ದೊಡ್ಡತನವನ್ನು ನಾವು ನೆನೆಯಬೇಕು.

ಇನ್ನು ಓದು ತಪ್ಪಿದ ಕಥೆ. ಇದು ದೂರದ್ದಲ್ಲ, ಬೆಂಗಳೂರಿನದು.

ಅನ್ನಾ ಮಣಿ 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಮುಗಿಸಿ, ವಿದ್ಯಾರ್ಥಿವೇತನ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ಅವರ ಕೆಲಸ ವಜ್ರ ಮತ್ತು ಮಾಣಿಕ್ಯಗಳ ಮೇಲೆ ಬೆಳಕು ಬಿದ್ದಾಗ ಏನಾಗುತ್ತದೆ ಎಂದು ಅಳೆಯುವುದು. ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು ಅವರು ದಾಖಲಿಸಿದರು. ವಜ್ರದಿಂದ ಹೊಮ್ಮುವ ಬೆಳಕು ಅತಿ ಕ್ಷೀಣ. ಅದು ಫೋಟೊ ಫಲಕದ ಮೇಲೆ ಮೂಡಬೇಕಾದರೆ ಒಂದೊಂದು ಫಲಕವನ್ನು 15ರಿಂದ 20 ಗಂಟೆ ಬೆಳಕಿಗೆ ಒಡ್ಡಬೇಕಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗಿದ್ದುಂಟು. 1942ರಿಂದ 1945ರೊಳಗೆ ಅವರೊಬ್ಬರ ಹೆಸರಿನಲ್ಲೇ ಐದು ಸಂಶೋಧನಾ ಲೇಖನಗಳು ಪ್ರಕಟವಾದವು. ಗೈಡ್ ಎಷ್ಟು, ವಿದ್ಯಾರ್ಥಿ ಎಷ್ಟು ಎಂಬ ಅನುಮಾನಕ್ಕೆ ಅಲ್ಲಿ ಆಸ್ಪದವೇ ಇರಲಿಲ್ಲ.

1945ರಲ್ಲಿ ಅವರು ಪ್ರಬಂಧವನ್ನು ಪಿಎಚ್.ಡಿ. ಪದವಿಗೆಂದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯ ಪದವಿ ನಿರಾಕರಿಸಿತು. ಐದು ಲೇಖನಗಳು ಮೇಜಿನ ಮೇಲಿದ್ದರೂ ನಿಯಮದ ಒಂದು ಸಾಲು ಗೆದ್ದಿತು. ಆ ಪ್ರಬಂಧ ರಟ್ಟು ಕಟ್ಟಿಸಿಕೊಂಡು, ಪದವಿ ಪಡೆದವರ ಪ್ರಬಂಧಗಳ ಜೊತೆಯಲ್ಲೇ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು. ಅನ್ನಾ ಮಣಿ ಎದೆಗುಂದಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತರು, 1948ರಲ್ಲಿ ಮರಳಿ ಭಾರತೀಯ ಹವಾಮಾನ ಇಲಾಖೆ ಸೇರಿದರು, ದೇಶದಲ್ಲೇ ಆ ಉಪಕರಣಗಳು ತಯಾರಾಗುವಂತೆ ಮಾಡಿದರು, ಬಿಸಿಲು ಮತ್ತು ಗಾಳಿಯ ಶಕ್ತಿಯನ್ನು ದೇಶದುದ್ದಕ್ಕೂ ಅಳೆಸಿದರು. ಅವರಿಗೆ ಪದವಿ ಇಲ್ಲದ್ದರಿಂದ ಅವರ ಬಾಳು ನಿಲ್ಲಲಿಲ್ಲ, ನಿಜ. ಆದರೆ ನ್ಯಾಯವಾಗಿ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬುದೂ ಅಷ್ಟೇ ನಿಜ. ಅರ್ಹತೆಯ ಕಾಗದ ನೋಡುವ ಕಣ್ಣಿಗೂ ಸಂಶೋಧನೆ ಓದುವ ಕಣ್ಣಿಗೂ ಇರುವ ಅಂತರ ಇದು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಗೈಡ್ ಪಾಲೆಷ್ಟು, ವಿದ್ಯಾರ್ಥಿ ಪಾಲೆಷ್ಟು? ಇದಕ್ಕೆ ಜೋಸೆಲಿನ್ ಬೆಲ್ ಅವರ ಪ್ರಸಂಗಕ್ಕಿಂತ ಒಳ್ಳೆಯ ಪಾಠ ಇಲ್ಲ.

ಉತ್ತರ ಐರ್ಲೆಂಡಿನ ಈ ಹುಡುಗಿ ಕೇಂಬ್ರಿಡ್ಜ್‌ನಲ್ಲಿ ಆಂಟನಿ ಹ್ಯೂಯಿಷ್ ಎಂಬ ಅಧ್ಯಾಪಕರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ನಾಲ್ಕೂವರೆ ಎಕರೆ ಹೊಲದಲ್ಲಿ ಕಂಬ ನೆಟ್ಟು, ತಂತಿ ಎಳೆದು ರೇಡಿಯೊ ದೂರದರ್ಶಕವನ್ನು ಕಟ್ಟಿದವರಲ್ಲಿ ಅವಳೂ ಒಬ್ಬಳು. 1967ರ ಬೇಸಿಗೆಯಲ್ಲಿ ಅದು ಕೆಲಸ ಶುರುಮಾಡಿತು. ದಿನಕ್ಕೆ ಸುಮಾರು 100 ಅಡಿ ಉದ್ದದ ಕಾಗದದ ಸುರುಳಿಯ ಮೇಲೆ ಲೇಖನಿಗಳು ಗೆರೆ ಎಳೆಯುತ್ತಿದ್ದವು. ಅದಷ್ಟನ್ನೂ ಕಣ್ಣಿನಿಂದಲೇ ಓದುವುದು ಅವಳ ಕೆಲಸ. ಆಗಸ್ಟಿನ ಸುರುಳಿಯೊಂದರಲ್ಲಿ ಒಂದು ಇಂಚೂ ಇಲ್ಲದ ಒಂದು ಗೀಚು ಅವಳ ಕಣ್ಣಿಗೆ ಬಿತ್ತು. ಅದು ನಕ್ಷತ್ರದ ಮಿನುಗಿನಂತೆ ಇರಲಿಲ್ಲ, ಮನುಷ್ಯರ ಯಂತ್ರಗಳ ಸದ್ದಿನಂತೆಯೂ ಇರಲಿಲ್ಲ. ಇಂಥದೇ ಗೀಚನ್ನು ಹಿಂದೆಯೂ ನೋಡಿದ್ದೇನಲ್ಲ ಎಂದು ಹಳೆಯ ಸುರುಳಿಗಳನ್ನು ಬಿಚ್ಚಿದಳು. ಆಕಾಶದ ಅದೇ ಜಾಗ. ನವೆಂಬರಿನಲ್ಲಿ ಕಾಗದವನ್ನು ವೇಗವಾಗಿ ಓಡಿಸಿ ದಾಖಲಿಸಿದಾಗ ಆ ಗೀಚು ಬಿಡಿಬಿಡಿಯಾಗಿ ಕಂಡಿತು. ಸುಮಾರು 1.34 ಸೆಕೆಂಡಿಗೊಮ್ಮೆ, ಒಂದಿಷ್ಟೂ ಏರುಪೇರಿಲ್ಲದೆ ಬರುವ ಮಿಡಿತಗಳು. ಇದು ಮನುಷ್ಯರೇ ಮಾಡಿದ ಯಾವುದೋ ಸಂಕೇತ ಇರಬೇಕೆಂದು ಹ್ಯೂಯಿಷ್ ಮೊದಲು ಎಣಿಸಿದ್ದರು. ಡಿಸೆಂಬರಿನಲ್ಲಿ ಆಕಾಶದ ಬೇರೆ ಮೂಲೆಯಲ್ಲಿ ಎರಡನೆಯದನ್ನೂ ಬೆಲ್ ಹುಡುಕಿದ ಮೇಲೆ ಅನುಮಾನ ತೀರಿತು. ಪಲ್ಸಾರ್ ಎಂಬ ಹೊಸ ಬಗೆಯ ನಕ್ಷತ್ರ ಹೀಗೆ ಜಗತ್ತಿಗೆ ಪರಿಚಯವಾಯಿತು.

1968ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಐವರ ಹೆಸರಿತ್ತು. ಮೊದಲು ಹ್ಯೂಯಿಷ್, ಎರಡನೆಯದು ಬೆಲ್. 1974ರಲ್ಲಿ ನೊಬೆಲ್ ಬಂದಾಗ ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಇಬ್ಬರಿಗೆ ಬಂತು. ಬೆಲ್ ಹೆಸರು ಇರಲಿಲ್ಲ. ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಇದನ್ನು ಬಹಿರಂಗವಾಗಿ ಖಂಡಿಸಿದರು. ಬೆಲ್ ಮಾತ್ರ ಕಹಿ ಇಟ್ಟುಕೊಳ್ಳಲಿಲ್ಲ. ಯೋಜನೆ ಸೋತರೆ ಹೊಣೆ ಗೈಡ್‌ನದೇ ಆಗಿರುವಾಗ ಗೆದ್ದಾಗಿನ ಕೀರ್ತಿ ಅವರಿಗೆ ಸಲ್ಲುವುದು ಸಹಜ ಎಂಬ ಅರ್ಥದ ಮಾತಾಡಿದರು. ಅದು ಅವರ ಔದಾರ್ಯ. ಆದರೆ ಆ ಔದಾರ್ಯವನ್ನು ವಿದ್ಯಾರ್ಥಿಗಳಿಂದ ನಾವು ನಿರೀಕ್ಷಿಸಿ ಕೂರುವುದು ಸರಿಯಲ್ಲ. ದೂರದರ್ಶಕದ ಕಲ್ಪನೆ ಗುರುವಿನದು, ಸರಿ. ಆ ಗೀಚನ್ನು ಗುರುತಿಸಿದ್ದು, ಕಸವೆಂದು ಬಿಡದೆ ಬೆನ್ನಟ್ಟಿದ್ದು ಶಿಷ್ಯೆಯದು. ಎರಡನ್ನೂ ಬಿಡಿಸಿ ಬರೆಯಲು ಬರುತ್ತದೆ. ಹಾಗೆ ಬಿಡಿಸಿ ಬರೆಯುವುದೇ ನ್ಯಾಯ.

ಆಮೇಲೆ ಕಾಲ ಬದಲಾಯಿತು. 1974ರಲ್ಲಿ, ಅಂದರೆ ಬೆಲ್‌ಗೆ ನೊಬೆಲ್ ತಪ್ಪಿದ ವರ್ಷವೇ, ಅಮೆರಿಕದಲ್ಲಿ ರಸೆಲ್ ಹಲ್ಸ್ ಎಂಬ ಪಿಎಚ್.ಡಿ. ವಿದ್ಯಾರ್ಥಿ ಇನ್ನೊಂದು ನಕ್ಷತ್ರದ ಸುತ್ತ ಸುತ್ತುವ ಪಲ್ಸಾರ್ ಒಂದನ್ನು ಕಂಡುಹಿಡಿದ. 1993ರಲ್ಲಿ ಅದಕ್ಕೆ ನೊಬೆಲ್ ಬಂದಾಗ ಗೈಡ್ ಜೋಸೆಫ್ ಟೇಲರ್ ಜೊತೆಗೆ ಹಲ್ಸ್‌ಗೂ ಸಮನಾಗಿ ಬಂತು. 1980ರ ದಶಕದಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದಾಗ ಡೋನಾ ಸ್ಟ್ರಿಕ್‌ಲೆಂಡ್ ಮಾಡಿದ ಲೇಸರ್ ಕೆಲಸಕ್ಕೆ 2018ರಲ್ಲಿ ಗೈಡ್ ಜೆರಾರ್ ಮುರು ಜೊತೆಗೆ ನೊಬೆಲ್ ಸಿಕ್ಕಿತು. ಅದೇ 2018ರಲ್ಲಿ ಬೆಲ್ ಅವರಿಗೆ 30 ಲಕ್ಷ ಡಾಲರಿನ ವಿಶೇಷ ಬ್ರೇಕ್‌ಥ್ರೂ ಪ್ರಶಸ್ತಿ ಬಂತು. ಆ ಹಣವನ್ನು ಅವರು ಪೂರ್ತಿಯಾಗಿ, ಭೌತವಿಜ್ಞಾನದಲ್ಲಿ ಅವಕಾಶ ಕಡಿಮೆ ಇರುವ ಸಮುದಾಯಗಳ ಪಿಎಚ್.ಡಿ. ವಿದ್ಯಾರ್ಥಿಗಳ ವೇತನಕ್ಕೆ ಕೊಟ್ಟುಬಿಟ್ಟರು.

ನಿಮ್ಮ ಮಗಳ ವಿಷಯಕ್ಕೆ ಬರೋಣ. ಭಾಷೆ-ಸಾಹಿತ್ಯದ ಸಂಶೋಧನೆಯಲ್ಲಿ ಪ್ರಯೋಗಾಲಯ ಇಲ್ಲ, ಐದಾರು ಜನರ ತಂಡ ಇಲ್ಲ. ವಿದ್ಯಾರ್ಥಿಯ ಪಾಲು ಬಹುಮಟ್ಟಿಗೆ ಸ್ಪಷ್ಟ. ಅಲ್ಲಿ ಹೊಸತು ಎಂದರೇನು ಎಂಬುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಮಾದರಿ ಇದೆ. ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನ ಎಂ. ಚಿದಾನಂದಮೂರ್ತಿ ಅವರು 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮಹಾಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳು ಅದರ ಆಕರ. ಆ ಶಾಸನಗಳು ಅವರು ಹುಡುಕಿ ತಂದವಲ್ಲ. ಅವುಗಳಲ್ಲಿ ಹೆಚ್ಚಿನವು ಮೊದಲೇ ಅಚ್ಚಾಗಿ ಗ್ರಂಥಾಲಯದಲ್ಲಿದ್ದವು. ರಾಜರ ವಂಶಾವಳಿಗೆ, ಕಾಲನಿರ್ಣಯಕ್ಕೆ ಮುಖ್ಯವಾಗಿ ಬಳಕೆಯಾಗುತ್ತಿದ್ದ ಆ ಕಲ್ಲುಗಳಿಂದ ಅವರು ಜನಜೀವನವನ್ನು ಹೊರತೆಗೆದರು. ಜನ ಏನು ನಂಬಿದರು, ಮಕ್ಕಳಿಗೆ ಏನು ಕಲಿಸಿದರು, ಯಾವುದಕ್ಕಾಗಿ ಪ್ರಾಣ ಕೊಟ್ಟರು ಎಂದು ಕೇಳಿದರು. ಪ್ರಶ್ನೆ ಹೊಸದಾದ್ದರಿಂದ ಹಳೆಯ ಆಕರವೂ ಹೊಸದಾಯಿತು. ಇಂದಿಗೂ ಕರ್ನಾಟಕದ ಸಂಸ್ಕೃತಿಯ ಬಗ್ಗೆ ಬರೆಯುವವರು ಆ ಪುಸ್ತಕವನ್ನು ತೆರೆಯದೆ ಮುಂದೆ ಹೋಗುವುದಿಲ್ಲ. ಎಂ.ಎಂ. ಕಲಬುರ್ಗಿಯವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾಡಿದ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ವೂ ಪಿಎಚ್.ಡಿ. ಪ್ರಬಂಧವೇ. ಒಂದು ಮಹಾಪ್ರಬಂಧಕ್ಕೆ ಸಿಗಬಹುದಾದ ಅತಿ ದೊಡ್ಡ ಗೌರವ, ಮುಂದಿನ ತಲೆಮಾರಿನವರು ಅದನ್ನು ಕೈಗೆತ್ತಿಕೊಳ್ಳುವುದು.

ಜನರಿಗೆ ತಿಳಿಯುವಂತೆ ಹೇಳುವ ಸಾಮರ್ಥ್ಯಕ್ಕೂ ಈಗ ಮನ್ನಣೆ ಬಂದಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯ 2008ರಲ್ಲಿ ಒಂದು ಸ್ಪರ್ಧೆ ಆರಂಭಿಸಿತು: ತನ್ನ ಇಡೀ ಸಂಶೋಧನೆಯನ್ನು ವಿದ್ಯಾರ್ಥಿ ಒಂದೇ ಚಿತ್ರ ಇಟ್ಟುಕೊಂಡು ಮೂರು ನಿಮಿಷದಲ್ಲಿ ವಿವರಿಸಬೇಕು. ಅದು ಈಗ ಹಲವು ದೇಶಗಳಿಗೆ ಹಬ್ಬಿದೆ. ನಮ್ಮ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ‘ಅವಸರ್’ ಎಂಬ ಹೆಸರಿನಲ್ಲಿ, ತಮ್ಮ ಸಂಶೋಧನೆಯನ್ನು ಸಾಮಾನ್ಯರಿಗೆ ತಿಳಿಯುವ ಲೇಖನವಾಗಿ ಬರೆದ 100 ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಲಾ 10,000 ರೂಪಾಯಿ ಕೊಡುವ ಯೋಜನೆ ತಂದಿತು. ನಮ್ಮ ವಿಶ್ವವಿದ್ಯಾಲಯಗಳು ಇಂಥದನ್ನು ಕನ್ನಡದಲ್ಲಿ ನಡೆಸಲು ಹೆಚ್ಚು ಖರ್ಚೇನೂ ಇಲ್ಲ. ಜನರ ತೆರಿಗೆ ಹಣದಲ್ಲಿ ನಡೆದ ಸಂಶೋಧನೆ ಜನರ ಭಾಷೆಯಲ್ಲಿ ಜನರಿಗೆ ತಲುಪಲಿ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಿದರೆ ಪ್ರಯೋಜನವಿಲ್ಲ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೊಶಿಪ್, ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಆದರೆ ಆ ಫೆಲೊಶಿಪ್ ಎಲ್ಲರಿಗೂ ಸಿಗುವುದಿಲ್ಲ. ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ, ಬಸ್ಸಿನಲ್ಲಿ ಓಡಾಡುತ್ತ, ರಾತ್ರಿ ಬರೆಯುವವರು ನಮ್ಮಲ್ಲಿ ಬಹಳ ಜನ. ಫೆಲೊಶಿಪ್ ತಿಂಗಳ ತಿಂಗಳು ಕೈಸೇರಬೇಕು, ಪರೀಕ್ಷಕರ ವರದಿ ವರ್ಷಗಟ್ಟಲೆ ಎಳೆಯಬಾರದು, ಲೇಖನದಲ್ಲಿ ವಿದ್ಯಾರ್ಥಿಯ ಹೆಸರು ಸಲ್ಲಬೇಕಾದ ಜಾಗದಲ್ಲೇ ಇರಬೇಕು. ಇವು ಪದಕಕ್ಕಿಂತ ಮೊದಲು ಸಲ್ಲಬೇಕಾದ ಮನ್ನಣೆಗಳು.

ಪದಕವೂ ಬೇಕು. ಮೂವತ್ತರ ಆಸುಪಾಸಿನಲ್ಲಿ, ಜೊತೆಯವರೆಲ್ಲ ಕೆಲಸ ಹಿಡಿದು ಮನೆ ಮಾಡಿಕೊಂಡಿರುವಾಗ ಒಬ್ಬರೇ ಕೂತು ಬರೆಯುವವರಿಗೆ ಬೆನ್ನು ತಟ್ಟುವ ಕೈ ಬೇಕೇ ಬೇಕು. ವಿಶ್ವವಿದ್ಯಾಲಯಗಳು ಮಾಡಬೇಕಾದದ್ದು ಮೂರು ಸಂಗತಿ. ಹೊರಗಿನ ಪರೀಕ್ಷಕರ ವರದಿಯಲ್ಲೇ ‘ಈ ಪ್ರಬಂಧ ಪ್ರಶಸ್ತಿಗೆ ಅರ್ಹವೇ, ಏಕೆ’ ಎಂದು ಕೇಳಿ ಲಿಖಿತ ಉತ್ತರ ಪಡೆಯಬೇಕು. ಆಯ್ಕೆ ಸಮಿತಿಯಲ್ಲಿ ಆ ವಿದ್ಯಾರ್ಥಿಯ ಗೈಡ್ ಇರಬಾರದು. ಪ್ರಶಸ್ತಿ ಪ್ರಕಟಿಸುವಾಗ ಹೆಸರಿನ ಜೊತೆಗೆ ಆ ವಿದ್ಯಾರ್ಥಿ ಹೊಸದಾಗಿ ಕಂಡುಕೊಂಡದ್ದೇನು ಎಂದು ನಾಲ್ಕು ಸಾಲಿನಲ್ಲಿ ಬರೆದು ಹೇಳಬೇಕು. ಆ ನಾಲ್ಕು ಸಾಲು ಬರೆಯಲು ಆಗದ ಸಮಿತಿ ಪ್ರಬಂಧವನ್ನು ಓದಿಲ್ಲ ಎಂದೇ ತಿಳಿಯಬೇಕು. ದತ್ತಿ ಇಡಬೇಕೆಂದಿರುವ ದಾನಿಗಳೂ ಎಂ.ಎ. ರ್‍ಯಾಂಕಿನ ಜೊತೆಗೆ ಮಹಾಪ್ರಬಂಧಕ್ಕೂ ಒಂದು ಪದಕ ಇಡುವ ಮನಸ್ಸು ಮಾಡಲಿ.

ನಿಮ್ಮ ಮಗಳಿಗೆ ಹೇಳಿ: ಕ್ಷೇತ್ರಕಾರ್ಯದ ಟಿಪ್ಪಣಿ, ಕರಡು, ದಿನಾಂಕ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಲಿ, ಪ್ರಬಂಧದ ಮುನ್ನುಡಿಯಲ್ಲಿ ತನ್ನದೇನು, ಇತರರಿಂದ ಪಡೆದದ್ದೇನು ಎಂದು ಸಂಕೋಚವಿಲ್ಲದೆ ಬಿಡಿಸಿ ಬರೆಯಲಿ. ಪ್ರಬಂಧ ಮುಗಿದ ದಿನ ಮೊದಲ ಪ್ರತಿಯನ್ನು ನೀವು ಓದಿ. ತಿಳಿಯದ ಕಡೆ ಗುರುತು ಹಾಕಿ ಅವಳನ್ನೇ ಕೇಳಿ. ಅವಳು ವೈವಾಕ್ಕೆ ತಯಾರಾಗಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.